ದೊಡ್ಡ ಪಾದ್ರಿಯ ಗೋರಿಗೆ ಯಾತ್ರೆ

"ಈಗಲಾದರೂ ಕಳ್ಳತನ ಬಿಟ್ಟಿದ್ದಾರೆಯೇ? ಕೇಳಿ," ಎಂದಳು ಮಿಸ್ ಹಾರ್ಟನ್.

ಪಾಂಡುರಂಗ ಮಾಸ್ತರರಿಗೆ ಹೇಸಿಗೆಯೆನಿಸಿತು. ಜಮಖಂಡಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಅವರು, ದುಭಾಷಿಯಾಗಲು ಒಪ್ಪಿದ್ದಕ್ಕೆ ಬೆಳಗಿನಿಂದ ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಎದುರಿಗೆ ಹತ್ತೊಂಬತ್ತು ಜನ ಕೊರವರ ಹೆಂಗಸರು. ಮಹಾಲಿಂಗಪುರದಿಂದ ಎರಡು ದಿನ ನಡೆದು, ಬೀಳಗಿಯ ಹೊರಗಿನ ಹಾಳು ಸೆಟ್ಲಮೆಂಟಿಗೆ ಬಂದವರು. ಬ್ರಿಟಿಷರು ಕಾಯದೆ ಮಾಡಿ ಇವರನ್ನು ಹುಟ್ಟುಗಳ್ಳರೆಂದು ಬರೆದುಕೊಂಡು ಇಲ್ಲಿಯೇ ತಂತಿ ಬೇಲಿಯೊಳಗೆ ಕೂಡಿಹಾಕಿದ್ದರು. ಆ ಕಾಯದೆ ಹೋಗಿ ನಾಲ್ಕು ವರ್ಷವಾಗಿತ್ತು. ಸೆಟ್ಲಮೆಂಟು ನಡೆಸುತ್ತಿದ್ದ ದೊಡ್ಡ ಪಾದ್ರಿ ಈಗ ಅಲ್ಲಿಯೇ ಗೋರಿಯಲ್ಲಿದ್ದ.

ಅವನು ಸತ್ತ ದಿನದಂದು ಪ್ರತಿವರ್ಷವೂ ಈ ಹೆಂಗಸರು ಬರುತ್ತಾರೆಂಬ ಸುದ್ದಿ ವಿಲಾಯತಿಗೂ ಮುಟ್ಟಿತ್ತು. ಅದನ್ನು ಕಂಡು ಪುಸ್ತಕ ಬರೆಯಲು, ಆ ಪುಣ್ಯಪುರುಷನಿಗೆ ತಾನೂ ಮಣಿಯಲು ಮಿಸ್ ಹಾರ್ಟನ್ ಯಾತ್ರೆ ಬಂದಿದ್ದಳು. ಬೆಳಿಗ್ಗೆ ಒಬ್ಬೊಬ್ಬಳ ತಲೆಯನ್ನು ಟೇಪು ಹಿಡಿದು ಅಳೆದು, ಅತ್ತರಿನ ಕರವಸ್ತ್ರಕ್ಕೆ ಬೆರಳು ಒರೆಸಿಕೊಂಡಿದ್ದಳು.

ಮಾಸ್ತರರು ಪ್ರಶ್ನೆ ಬದಲಿಸಿ, ಎಲ್ಲರಿಗಿಂತ ಮುಂದಿದ್ದ ಹೆಂಗಸನ್ನು ಕೇಳಿದರು. "ಹಾಲವ್ವಾ, ನಿನಗ ಮಕ್ಕಳೆಷ್ಟು?"

"ಒಬ್ಬಾಕಿ ಇದ್ದಳ್ರೀ. ಆರು ವರ್ಷದಾಕಿ. ಸುಧಾರಸ್ತೇನಂತ ಪಾದ್ರಿ ಕಸಗೊಂಡು ಪುಣೇಕ ಕಳಿಸಿದ. ಬದುಕ್ಯಾಳೋ ಸತ್ತಾಳೋ, ಇವತ್ತಿಗೂ ಗೊತ್ತಿಲ್ರೀ."

ಮಾಸ್ತರರಿಂದ ಅರ್ಥ ತಿಳಿದ ಮಿಸ್ ಹಾರ್ಟನ್ ನಿಟ್ಟುಸಿರಿಟ್ಟಳು. "ಎಂಥ ಕರುಣೆ ಆ ಪಾದ್ರಿಗಳದು!"

ಮಾಸ್ತರರು ಅವಳಿಂದ ಮುಖ ತಿರುಗಿಸಿದರು. ಇಂಥವನಿಗೆ ಅಡ್ಡಬೀಳಲು ಎರಡು ದಿನ ನಡೆಯುವ ಈ ಹೆಂಗಸರ ಮೇಲೂ ಅಷ್ಟೇ ಹೇಸಿಗೆ.

ಗೋರಿ ಸೆಟ್ಲಮೆಂಟಿನ ಆಚೆ ತುದಿಗೆ; ಎಲ್ಲರೂ ಹೊರಟಾಗ ಇನ್ನು ಅರ್ಧ ಮೈಲಿ. ಹಾಲವ್ವ ಬಾಯಿ ಮುಚ್ಚಿದಳು. ಉಳಿದವರೂ ಮುಚ್ಚಿದರು. ಯಾರೂ ತುಟಿ ಬಿಚ್ಚಲಿಲ್ಲ. ಅಂಥ ಬಿಸಿಲಿನಲ್ಲಿ ನೀರು ಕೊಟ್ಟರೂ ಮುಟ್ಟಲಿಲ್ಲ.

'ಮೌನವ್ರತ' ಎಂದು ಮಿಸ್ ಹಾರ್ಟನ್ ಬರೆದುಕೊಂಡಳು.

ಗೋರಿ ಮುಟ್ಟಿದ ಮೇಲೆ ಒಬ್ಬೊಬ್ಬಳೂ ಸೆರಗು ಮುಂದೆಳೆದುಕೊಂಡು, ಮೊಣಕಾಲೂರಿ, ಪಾದ್ರಿಯ ಹೆಸರು ಕೆತ್ತಿದ ಕಲ್ಲಿನತ್ತ ಬಗ್ಗಿ ಎದ್ದಳು. ಮಿಸ್ ಹಾರ್ಟನ್ ಕಣ್ತುಂಬಿಕೊಂಡಳು. ಕೊನೆಗೆ ತಾನೂ ಕುಸಿದು, ಒದ್ದೆಯಾಗಿದ್ದ ಕಲ್ಲಿಗೆ ತುಟಿಯೊತ್ತಿದಳು.

"ಇವರ ಕಣ್ಣೀರು," ಎಂದಳು ಗದ್ಗದವಾಗಿ.

ಮಾಸ್ತರರಿಗೆ ತಡೆಯಲಾಗಲಿಲ್ಲ. "ಮಗಳನ್ನ ಕಸಗೊಂಡಾವಗ ಮುದ್ದು ಕೊಡ್ತೀಯೇನ ಹಾಲವ್ವಾ? ನಾಚಿಕಿ ಬರೂದಿಲ್ಲ?"

ಹಾಲವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಮುದ್ದಲ್ರೀ ಮಾಸ್ತರ. ಅಂವ ಇದ್ದಾಗ ಉಗುಳು ನುಂಗಿ ಬದುಕಿದ್ವಿ. ಈಗ ವರ್ಷಕ್ಕೊಮ್ಮಿ ಬಂದು ಉಗುಳಿ ಹೋಗತೇವಿ."