ಬೆವರಿದ ಅಂಗೈ

ಕಾಲೇಜು ಬಿಟ್ಟು ಬೇರೆ ಬಾಸ್ಕೆಟ್‌ಬಾಲ್ ತಂಡ ಸೇರುವವರು ಜೆರ್ಸಿಯ ಜೊತೆ ತಮ್ಮ ಆಟವನ್ನೂ ಕಳಚಿಟ್ಟು ಹೋಗಬೇಕು, ಅದು ನಿಯಮ. ಸೋಮವಾರ ಹೊರಟ ಮೇನಕಾ ಕಳಚಿಟ್ಟ ಶೂಟಿಂಗನ್ನು, ಅಂದರೆ ಚೆಂಡೆಸೆಯುವ ಕೈಚಳಕವನ್ನು, ಬುಧವಾರವೇ ಹೊಸ ಹುಡುಗಿ ಸಿಂಚನಾಳ ಕೈಗೆ ತುಂಬಿದ್ದರು. "ನೋಡಮ್ಮ ಕ್ಯಾಪ್ಟನ್, ಟೀಮ್ ಹಾಗೇ ಇದೆ," ಎಂದರು ಬೋಪಯ್ಯ, ಈ ವರ್ಷದ ಮೂರನೆಯ ಕೋಚು. ಹಿಂದಿನ ಇಬ್ಬರೂ ಇದನ್ನೇ ಹೇಳಿ ಜಾಗ ಖಾಲಿ ಮಾಡಿದ್ದರು. ಕ್ಯಾಪ್ಟನ್ ಚಂಪಕಾ ಗೆರೆಯ ಪಕ್ಕಕ್ಕೆ ಹೋಗಿ ನಿಂತಳು.

ಅಭ್ಯಾಸದ ಆಟದಲ್ಲಿ ಸಿಂಚನಾ ಫ್ರೀ ಥ್ರೋ ಗೆರೆಗೆ ಬಂದಳು. ಚೆಂಡನ್ನು ಮೂರು ಸಲ ಪುಟಿಸಿ, ಬೆವರಿದ ಅಂಗೈಯನ್ನು ಪಕ್ಕದಲ್ಲಿದ್ದ ಚಂಪಕಾಳ ಬೆನ್ನಿಗೆ ಒರೆಸಿ, ಚೆಂಡನ್ನು ಸಲೀಸಾಗಿ ರಿಂಗಿನೊಳಗೆ ಇಳಿಸಿದಳು. ಎರಡು ವರ್ಷ ಮೇನಕಾ ಒಬ್ಬಳಿಗೇ ಇದ್ದ ಸಲಿಗೆ ಅದು. ಹೇಸಿಗೆಯಿಂದ ಚಂಪಕಾಳ ಮೈ ಮುದುಡಿತು.

"ಸಾರಿ ಅಕ್ಕ, ಕೈ ತಾನಾಗೇ ಹೋಯ್ತು," ಎಂದಳು ಸಿಂಚನಾ, ಅಳುಮುಖ ಮಾಡಿಕೊಂಡು.

ಚಂಪಕಾ ಕೋಚ್ ಕಡೆ ತಿರುಗಿದಳು. "ಥೂ! ಇದನ್ನೂ ತುಂಬಿಬಿಟ್ರಾ ಸಾರ್?"

"ಪಾಯಿಂಟ್ ಬಂತಲ್ಲಮ್ಮ, ಬಿಡು."

ಎರಡನೆಯ ಎಸೆತಕ್ಕೆ ಸಿಂಚನಾ ಅಂಗೈಯನ್ನು ತನ್ನ ಚಡ್ಡಿಗೇ ಒರೆಸಿಕೊಂಡಳು. ಅಷ್ಟರಲ್ಲಿ ಚಂಪಕಾಳ ಬೆನ್ನು ತಾನಾಗಿಯೇ ಅವಳ ಕಡೆಗೆ ತಿರುಗಿ ಕಾಯುತ್ತಿತ್ತು. ಆ ಬೆನ್ನಿಗೆ ಯಾರೂ ಏನನ್ನೂ ತುಂಬಿರಲಿಲ್ಲ.