ಎರಡು ವರ್ಷದ ಹಳೇ ಕಲ್ಲು

ಬಂಡೆಯಿಂದ ಸಿಡಿಯುವ ಗಳಿಗೆಯಲ್ಲಿ ಕೇಳಿದ್ದನ್ನು ಕಲ್ಲು ಪುಡಿಯಾಗುವಾಗ ಹೊರಗೆ ಬಿಡುತ್ತದೆ. ಕೊಪ್ಪಳದ ಅಂಗಡಿಯಲ್ಲಿ ಕಲ್ಲು ಬೀಸುವ ಮಿಲ್ಲುಗಳನ್ನು ಗಿರಾಕಿಗಳಿಗೆ ತೋರಿಸುವ ದ್ಯಾಮವ್ವನಿಗೆ ಅದು ದಿನದ ಮಾತು: ಸೀಟಿ, ಕಾಗೆ, ಯಾರದೋ ಕೆಮ್ಮು.

ಕ್ವಾರಿ ಸಾಹುಕಾರ ವೀರಬಸಪ್ಪ ಬಿಳಿಗಲ್ಲಿನ ಡಬ್ಬಿ ಮುಂದಿಟ್ಟರು. "ಎರಡು ವರ್ಷದ ಹಳೇ ಮಾಲು. ಜೋರ್ ಸದ್ದಿನ ಮಿಲ್ಲ ಬೇಕು ತಂಗಿ."

"ಮೊದಲ ಬಾಲ್ ಮಿಲ್ ನೋಡ್ರಿ. ನಿಧಾನ, ಆದ್ರ ಪುಡಿ ಮೈದಾಹಿಟ್ಟಿನಂಗ ಬರತೈತಿ." ಅವರು ಬೇಡವೆನ್ನುವಷ್ಟರಲ್ಲಿ ದ್ಯಾಮವ್ವ ಒಂದು ಹಿಡಿ ಕಲ್ಲು ಸುರಿದು ಸ್ವಿಚ್ ಒತ್ತಿದಳು.

ಒಳಗೆ ಕಬ್ಬಿಣದ ಗುಂಡುಗಳು ಮೆಲ್ಲಗೆ ಉರುಳಿದವು. ಕಲ್ಲು ಮಾತಾಡಿತು: "ಮದ್ದಿಗೆ ಬೆಂಕಿ ಹಚ್ಚಬ್ಯಾಡ್ರಿ ಸಾಹುಕಾರ್ರ, ನಾ ಇನ್ನೂ ಕೆಳಗ ಅದೀನಿ."

ಅದು ಅವಳ ತಮ್ಮ ಫಕೀರಪ್ಪನ ದನಿ. ಎರಡು ವರ್ಷದ ಹಿಂದೆ ಅವನು ಕ್ವಾರಿ ಕೆಲಸ ಬಿಟ್ಟು ಗೋವಾಕ್ಕೆ ಹೋದನೆಂದು ಮನೆಗೆ ಹೇಳಿಕಳಿಸಿದವರು ಇದೇ ಸಾಹುಕಾರರು.

ಅವಳು ಯಾರೆಂದು ತಿಳಿಯದ ವೀರಬಸಪ್ಪ ಕರವಸ್ತ್ರದಿಂದ ಮುಖ ಒರೆಸಿಕೊಂಡರು. "ಇದು ಬ್ಯಾಡ. ಆ ಜೋರ್ ಸದ್ದಿಂದು ತೋರಸು."

ಡಬ್ಬಿಯಲ್ಲಿ ಇನ್ನೂ ಮುಕ್ಕಾಲು ಪಾಲು ಕಲ್ಲಿತ್ತು. ದ್ಯಾಮವ್ವ ಹೋಗಿ ಬೀದಿಬಾಗಿಲನ್ನು ಅಗಲವಾಗಿ ತೆರೆದಿಟ್ಟಳು. ಆಮೇಲೆ ಬಂದು ಅಷ್ಟನ್ನೂ ಅದೇ ಮಿಲ್ಲಿಗೆ ಸುರಿದಳು.