ಉಳಿಸಲಾ, ಬೇಡ್ವಾ?

ಮದುವೆ ವೆಬ್‌ಸೈಟಿನ ಫಾರಂ ತುಂಬಲು ರೋಹಿಣಿಗೆ ಒಂದು ಗಂಟೆ ಹಿಡಿಯಿತು. ಓದು, ಎತ್ತರ, ನಕ್ಷತ್ರ ಎಲ್ಲ ಮುಗಿದು ಫೋಟೊ ಹಾಕಬೇಕು ಅನ್ನುವಷ್ಟರಲ್ಲಿ, ಪಕ್ಕದಲ್ಲಿದ್ದ ತಾಯಿ ವನಜಾಕ್ಷಿ ಮೌಸ್ ಕಸಿದುಕೊಂಡು ಪುಟ ಮುಚ್ಚಲು ಹೋದರು. ಪರದೆಯ ಮೇಲೆ ಎಚ್ಚರಿಕೆ ಮೂಡಿತು: 'ತುಂಬಿದ ವಿವರ ಇನ್ನೂ ಉಳಿಸಿಲ್ಲ. ಹೊರಹೋದರೆ ಎಲ್ಲ ಅಳಿಸಿಹೋಗುತ್ತದೆ.'

"ಯಾಕಮ್ಮಾ? ಬೆಳಿಗ್ಗೆ ಒಪ್ಕೊಂಡಿದ್ಯಲ್ಲ?"

"ಕಂಪ್ಯೂಟರಲ್ಲಿ ಗಂಡು ಹುಡುಕೋದು ಅಂದ್ರೆ ಬೀದಿಯವರೆಲ್ಲ ನಗ್ತಾರೆ ಕಣೇ. ನಿಮ್ಮ ಚಿಕ್ಕಪ್ಪ ಏನಂತಾರೋ!"

"ಅಪ್ಪ ಹೋಗಿ ಒಂಬತ್ತು ವರ್ಷ ಆಯ್ತು. ಇನ್ನೂ ಎಲ್ಲದಕ್ಕೂ ಚಿಕ್ಕಪ್ಪನ್ನೇ ಕೇಳ್ಬೇಕಾ? ಹೇಳು, ಉಳಿಸಲಾ, ಬೇಡ್ವಾ?"

ವನಜಾಕ್ಷಿ ತುಂಬಿದ ವಿವರಗಳ ಮೇಲೆ ಒಮ್ಮೆ ಕಣ್ಣಾಡಿಸಿದರು. ಆಮೇಲೆ ಮೆಲ್ಲಗೆ ಮೌಸ್ ಮಗಳ ಕೈಗೆ ಕೊಟ್ಟರು.

"ಉಳಿಸು. ಆದ್ರೆ ನನ್ನ ವಯಸ್ಸು ಐವತ್ಮೂರು ಅಂತ ಹೊಡೆದಿದ್ದೀಯಲ್ಲ, ಅದನ್ನ ಐವತ್ತೆರಡು ಮಾಡು. ಹುಟ್ಟಿದಹಬ್ಬಕ್ಕೆ ಇನ್ನೂ ಎರಡು ತಿಂಗಳಿದೆ."